ಹೊಸ ಪೆಟ್ಟಿಗೆ, ಹಳೆಯ ಕಿವಿ

ಹಾರ್ಡ್ ಡಿಸ್ಕ್ ಸಾಯುವ ಮೊದಲು ಕಟಕಟ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ ಎನ್ನುತ್ತಾರೆ. ನನ್ನದು ಆ ಮರ್ಯಾದೆ ತೋರಿಸಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೊಳಲಿನ ಆಲಾಪನೆ ನಡುವೆಯೇ ನಿಂತಿತು, ಎರಡು ಸೆಕೆಂಡು ಬಿಟ್ಟು ಏನೂ ಆಗದಂತೆ ಮುಂದುವರಿಯಿತು. ಡಿಸ್ಕಿನ ಆರೋಗ್ಯದ ವರದಿ ತೆಗೆದು ನೋಡಿದೆ. ಕೆಟ್ಟುಹೋಗಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರುಗಳು, ಎಂದರೆ ದತ್ತ ಕೂರುವ ಪುಟ್ಟ ಖಾನೆಗಳು, 212. ಅದರ ಹಿಂದಿನ ತಿಂಗಳು ಅದೇ ಅಂಕಿ 8 ಇತ್ತು.

ಯಂತ್ರಕ್ಕೆ ಹನ್ನೊಂದು ವರ್ಷ. ಮೇಜಿನ ಪಕ್ಕ ನಿಲ್ಲುವ ಟವರ್ ಡೆಸ್ಕ್‌ಟಾಪ್, 4 ಜಿಬಿ ಮೆಮೊರಿ, ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ, ಅದರ ಮೇಲೆ ಎಂಪಿಡಿ ಎಂಬ ಸಂಗೀತ ನುಡಿಸುವ ತಂತ್ರಾಂಶ. ನನ್ನ ಬಳಿ ಇರುವ 1,350 ಸಿ.ಡಿ.ಗಳೂ, ಧ್ವನಿಯಲ್ಲಿ ಏನನ್ನೂ ಕಳೆಯದೆ ಸಂಕುಚಿಸುವ ಫ್ಲ್ಯಾಕ್ ಕಡತಗಳಾಗಿ ಅದರಲ್ಲಿವೆ, ಹತ್ತಿರ ಹತ್ತಿರ 400 ಜಿಬಿ. ಅಲ್ಲಿಂದ ಯುಎಸ್‌ಬಿ ತಂತಿ ಡ್ಯಾಕ್‌ಗೆ ಹೋಗುತ್ತದೆ. ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆ ಅದು. ಆಮೇಲೆ ಆಂಪ್ಲಿಫೈಯರ್, ಕೊನೆಗೆ ಎರಡು ಸ್ಪೀಕರ್.

ನ್ಯಾಯವಾಗಿ ಬದಲಾಯಿಸಬೇಕಾದದ್ದು ಡಿಸ್ಕ್ ಒಂದನ್ನೇ. ಆದರೆ ಈ ಹುಚ್ಚು ಹಿಡಿದವರಿಗೆ ಗೊತ್ತಿರುತ್ತದೆ, ಒಂದು ಸ್ಕ್ರೂ ಸಡಿಲಿಸಲು ಕುಳಿತವನು ಇಡೀ ಪೆಟ್ಟಿಗೆ ಬಿಚ್ಚದೆ ಏಳುವುದಿಲ್ಲ. ಫ್ಯಾನ್ ಇಲ್ಲದ ಕಂಪ್ಯೂಟರಿನಲ್ಲಿ ಹಾಡಿನ ಹಿನ್ನೆಲೆ ಕಪ್ಪಾಗುತ್ತದಂತೆ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಿಂದ ಓದಿದರೆ ಧ್ವನಿ ಮೃದುವಂತೆ, ಸಾಮಾನ್ಯ ಅಡಾಪ್ಟರಿನ ಬದಲು ದೊಡ್ಡ ಟ್ರಾನ್ಸ್‌ಫಾರ್ಮರಿನ ಲೀನಿಯರ್ ಪವರ್ ಸಪ್ಲೈ ಹಾಕಿದರೆ ಪರದೆ ಸರಿದಂತಾಗುತ್ತದಂತೆ. ಈ ‘ಅಂತೆ’ಗಳನ್ನು ಓದಿ ಓದಿ ನನ್ನ ತಲೆ ಒಂದು ಕಡೆ, ಆಸೆ ಇನ್ನೊಂದು ಕಡೆ ಆಗಿತ್ತು. ಕಡತದಲ್ಲಿರುವ ಅಂಕಿಗಳು ಅವೇ ಆಗಿದ್ದರೆ ಸದ್ದು ಹೇಗೆ ಬೇರೆಯಾದೀತು ಎಂದು ತಲೆ ಕೇಳುತ್ತಿತ್ತು. ಒಮ್ಮೆ ಕೇಳಿಯೇ ನೋಡೋಣ ಎಂದು ಆಸೆ ಹೇಳುತ್ತಿತ್ತು. ಗೆದ್ದದ್ದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. ಅಂಗೈಯಗಲದ, ಫ್ಯಾನ್ ಇಲ್ಲದ ಮಿನಿ ಕಂಪ್ಯೂಟರ್ ಬಂತು: 8 ಜಿಬಿ ಮೆಮೊರಿ, 1 ಟಿಬಿ ಎಸ್‌ಎಸ್‌ಡಿ, 12 ವೋಲ್ಟಿನ ಅಡಾಪ್ಟರ್. ಹಳೆಯದನ್ನು ಒಂದು ತಿಂಗಳು ಹಾಗೆಯೇ ಪಕ್ಕದಲ್ಲಿ ಇಟ್ಟುಕೊಂಡು ಎರಡನ್ನೂ ಸರಿಯಾಗಿ ಹೋಲಿಸಿಯೇ ತೀರುವುದು ಎಂದು ಒಂದು ನೋಟ್‌ಬುಕ್ ತೆಗೆದೆ.

ಕಡತಗಳ ಸಾಗಾಟ

ಸಾಯುತ್ತಿರುವ ಡಿಸ್ಕಿನಿಂದ ನಕಲು ಮಾಡುವುದು ಅವಸರದ ಕೆಲಸ, ಆದರೆ ಅವಸರದಿಂದ ಮಾಡುವ ಕೆಲಸವಲ್ಲ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ‘ಓದಲಾಗಲಿಲ್ಲ’ ಎಂಬ ದೂರು ನಾಲ್ಕೇ ಕಡತಗಳ ಮೇಲೆ ಇತ್ತು. ಅಷ್ಟಕ್ಕೇ ನಂಬಿ ಕೂರಬಾರದು. ಫ್ಲ್ಯಾಕ್‌ನ ಒಂದು ಗುಣ ನನಗೆ ಬಹಳ ಇಷ್ಟ: ಸಂಕುಚಿಸುವ ಮೊದಲು ಮೂಲ ಧ್ವನಿದತ್ತ ಹೇಗಿತ್ತು ಎಂಬುದರ ಎಂಡಿ5 ಬೆರಳಚ್ಚನ್ನು, ಎಂದರೆ ಆ ದತ್ತದಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆಯನ್ನು, ಕಡತದ ತಲೆಭಾಗದಲ್ಲಿಯೇ ಬರೆದಿಡುತ್ತದೆ. ಪರೀಕ್ಷಿಸು ಎಂದರೆ ಕಡತವನ್ನು ಪೂರ್ತಿ ಬಿಡಿಸಿ, ಬಂದದ್ದನ್ನು ಆ ಬೆರಳಚ್ಚಿನೊಡನೆ ತಾಳೆ ನೋಡುತ್ತದೆ. ಹದಿನೆಂಟು ಸಾವಿರದಷ್ಟು ಹಾಡುಗಳನ್ನು ಹೀಗೆ ಹಾಯಿಸಿದಾಗ ಸಿಕ್ಕಿಬಿದ್ದವು 11. ಎಂದರೆ ಏಳು ಕಡತಗಳು ಯಾವ ದೂರೂ ಇಲ್ಲದೆ ಹಾಳಾಗಿದ್ದವು.

ಅವುಗಳನ್ನು ಒಂದೊಂದಾಗಿ ಕೇಳಿದೆ. ಒಂದರಲ್ಲಿ ಟಪ್ ಎಂಬ ಸದ್ದು, ಇನ್ನೊಂದರಲ್ಲಿ ಕಾಲು ಸೆಕೆಂಡಿನ ಮೌನ, ಮತ್ತೊಂದು ಅರ್ಧದಲ್ಲೇ ಕೊನೆ. ‘ಧ್ವನಿ ಸ್ವಲ್ಪ ಮಸುಕಾಗಿದೆ’, ‘ಬೇಸ್ ಸಡಿಲವಾಗಿದೆ’ ಎನ್ನುವಂಥದ್ದು ಒಂದೂ ಇಲ್ಲ. ಅಂಕಿಗಳು ಕೆಟ್ಟಾಗ ಸಂಗೀತ ಹೀಗೆ ಮುರಿಯುತ್ತದೆ, ಬಣ್ಣಗೆಡುವುದಿಲ್ಲ. ಹತ್ತು ಹಾಡುಗಳನ್ನು ಮೂಲ ಸಿ.ಡಿ.ಗಳಿಂದ ಮತ್ತೆ ಇಳಿಸಿಕೊಂಡೆ. ಹನ್ನೊಂದನೆಯದರ ಕಥೆ ಕೊನೆಗೆ.

ಮೊದಲ ಆಲಿಕೆ

ಹೊಸದನ್ನು ಡ್ಯಾಕ್‌ಗೆ ಸಿಕ್ಕಿಸಿ, ಹಳೆಯದನ್ನು ಆಫ್ ಮಾಡಿ ಕುಳಿತೆ. ಆ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ತಿದ್ದದೆ ಇಲ್ಲಿ ಇಡುತ್ತೇನೆ, ನನ್ನ ಮಾನ ಹೋದರೂ ಚಿಂತೆಯಿಲ್ಲ: “ಬೇಸ್ ಬಿಗಿ. ಗಾಯಕಿ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ. ಸಿಂಬಲ್‌ಗೆ ಜೀವ ಬಂದಿದೆ. ಹಿನ್ನೆಲೆ ನಿಜಕ್ಕೂ ಕಪ್ಪು. ಇಷ್ಟು ವರ್ಷ ಏನು ಕೇಳುತ್ತಿದ್ದೆ?”

ಹೆಂಡತಿ ಬಾಗಿಲಲ್ಲಿ ನಿಂತು, “ಅಂತೂ ಮನೆಯೊಳಗಿನ ವಿಮಾನ ಇಳಿಯಿತು ನೋಡಿ,” ಎಂದಳು. ಹಳೆಯ ಟವರಿನ ಫ್ಯಾನಿನ ವಿಷಯ. ಕಪ್ಪು ಹಿನ್ನೆಲೆಯ ಗುಟ್ಟು ಅರ್ಧ ಅಲ್ಲಿಯೇ ಒಡೆಯಿತು. ಡಿಸ್ಕ್ ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಮರದ ಕಪಾಟಿನ ಮೇಲೆ ಅದು 120 ಹರ್ಟ್ಸ್‌ನ ಸಣ್ಣ ಶ್ರುತಿಪೆಟ್ಟಿಗೆಯ ಹಾಗೆ ಗುಂಯ್‌ಗುಡುತ್ತಿತ್ತು. ಅದರ ಮೇಲೆ ಫ್ಯಾನಿನ ಸುಯ್ಯಾಟ. ನಾನು ಕೂರುವ ಜಾಗದಲ್ಲಿ ಮೊಬೈಲಿನ ಧ್ವನಿಮಾಪಕ ಇಟ್ಟು ನೋಡಿದರೆ ಹಳೆಯದು ಓಡುವಾಗ ಮತ್ತು ಆರಿದಾಗ 6 ಡೆಸಿಬೆಲ್ ವ್ಯತ್ಯಾಸ. ಮೊಬೈಲಿನ ಅಂಕಿ ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ಇದು ಧ್ವನಿಯ ಗುಣವೇ? ತಂತಿಯಲ್ಲಿ ಹರಿಯುವ ಸಂಕೇತದಲ್ಲಿ ಒಂದು ಕೂದಲೂ ಬದಲಾಗಿಲ್ಲ. ಆದರೆ ಕಿವಿ ಕೋಣೆಯಲ್ಲಿದೆ, ತಂತಿಯಲ್ಲಲ್ಲ. ತಂಬೂರಿಯ ನಾದ ಕೊನೆಯುಸಿರು ಎಳೆಯುವುದು ಈಗ ಕೇಳುತ್ತದೆ, ಅದನ್ನು ಸುಳ್ಳೆನ್ನಲಾರೆ.

ಹಾಗಾದರೆ ಬಿಗಿ ಬೇಸ್, ಮುಂದೆ ಬಂದ ಗಾಯಕಿ? ಹದಿನಾಲ್ಕು ವರ್ಷದ ಮಗಳು ಎರಡು ಹಾಡು ಕೇಳಿ, “ಅಪ್ಪಾ, ಇದು ಸುಮ್ಮನೆ ಸ್ವಲ್ಪ ಜೋರಾಗಿಲ್ಲವೇ?” ಎಂದಳು. ನಾನು ವಾಲ್ಯೂಮ್ ತಿರುಗಣೆ ಮುಟ್ಟಿಯೇ ಇಲ್ಲ ಎಂದೆ. ಹೇಳುವಾಗಲೇ ಅಳುಕು.

ಮಲ್ಟಿಮೀಟರ್ ತಂದೆ. 100 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಎರಡೂ ಯಂತ್ರಗಳಲ್ಲಿ ಇಟ್ಟುಕೊಂಡೆ. ಸಾಮಾನ್ಯ ಮೀಟರುಗಳು ಪರ್ಯಾಯ ವಿದ್ಯುತ್ತನ್ನು ಕೆಳಗಿನ ಆವರ್ತನಗಳಲ್ಲಿ ಮಾತ್ರ ಸರಿಯಾಗಿ ಅಳೆಯುತ್ತವೆ, ಹಾಗಾಗಿ 1,000 ಹರ್ಟ್ಸ್ ಬೇಡ. ಸ್ಪೀಕರಿನ ತಂತಿ ಕಟ್ಟುವ ಜಾಗದಲ್ಲಿ ಎರಡು ಕಡ್ಡಿ ಹಿಡಿದರೆ, ಹೊಸ ಯಂತ್ರದಿಂದ 1.15 ವೋಲ್ಟ್. ಯುಎಸ್‌ಬಿ ತಂತಿ ಹಳೆಯದಕ್ಕೆ ಬದಲಿಸಿದರೆ 1.02. ಒಂದು ಡೆಸಿಬೆಲ್‌ಗಿಂತ ಒಂದು ಕೂದಲು ಹೆಚ್ಚು. ಇಷ್ಟು ಸಣ್ಣ ಏರಿಕೆಯನ್ನು ಕಿವಿ ಬಹಳ ಸಲ ‘ಜೋರು’ ಎಂದು ಗುರುತಿಸುವುದಿಲ್ಲ. ‘ಸ್ಪಷ್ಟ’, ‘ತುಂಬಿದೆ’, ‘ಹತ್ತಿರ ಬಂದಿದೆ’ ಎಂದು ಓದಿಕೊಳ್ಳುತ್ತದೆ. ಅದಕ್ಕೇ ಹೋಲಿಕೆಗೆ ಮೊದಲು ಎರಡರ ಮಟ್ಟವನ್ನು 0.1 ಡೆಸಿಬೆಲ್ ಒಳಗೆ ಸರಿಗೂಡಿಸಬೇಕು ಎನ್ನುವುದು. ವೋಲ್ಟಿನ ಲೆಕ್ಕದಲ್ಲಿ ಅದು ಶೇಕಡಾ ಒಂದರ ಆಸುಪಾಸು.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಯಂತ್ರದಲ್ಲಿ ಸಂಗೀತ ಡ್ಯಾಕ್‌ಗೆ ನೇರ ಹೋಗದೆ ಪಲ್ಸ್‌ಆಡಿಯೋ ಎಂಬ ಮಧ್ಯವರ್ತಿಯ ಮೂಲಕ ಹೋಗುತ್ತಿತ್ತು, ಅದರ ವಾಲ್ಯೂಮ್ ಪಟ್ಟಿ 96ರಲ್ಲಿ ನಿಂತಿತ್ತು. ನೂರರಲ್ಲಿ ನಾಲ್ಕು ಕಡಿಮೆ, ಅಷ್ಟೇ ತಾನೆ ಎನಿಸುತ್ತದೆ. ಆದರೆ ಪಲ್ಸ್‌ಆಡಿಯೋ ಆ ಅಂಕಿಯ ಘನವನ್ನು ಲೆಕ್ಕಕ್ಕೆ ಹಿಡಿಯುತ್ತದೆ. 0.96ರ ಘನ 0.885. ಹೊಸದರ 1.15 ವೋಲ್ಟನ್ನು ಅದರಿಂದ ಗುಣಿಸಿ ನೋಡಿ, ನನ್ನ ಮೀಟರು ತೋರಿಸಿದ 1.02 ಬರುತ್ತದೆ. ಹನ್ನೊಂದು ವರ್ಷದಲ್ಲಿ ಯಾವತ್ತೋ ಯಾರೋ ಬೆರಳಿನಿಂದ ಒಂಚೂರು ಎಳೆದಿದ್ದಾರೆ. ಯಾರೋ ಎಂದರೆ ನಾನೇ.

ಕಣ್ಣು ಕಟ್ಟಿ

ಪಟ್ಟಿಯನ್ನು 100ಕ್ಕೆ ತಂದು, ಎರಡರಲ್ಲೂ 1.15 ವೋಲ್ಟ್ ಬಂದದ್ದನ್ನು ನೋಡಿ, ಕುರುಡು ಪರೀಕ್ಷೆಗೆ ಸಿದ್ಧ ಮಾಡಿದೆ. ಎರಡು ಯಂತ್ರ, ಒಂದೇ ಡ್ಯಾಕ್, ನಡುವೆ ಗುಂಡಿ ಒತ್ತಿದರೆ ಬದಲಾಗುವ ಯುಎಸ್‌ಬಿ ಸ್ವಿಚ್. ಎರಡೂ ಯಂತ್ರಗಳು ಸದಾ ಓಡುತ್ತಿರಬೇಕು, ಇಲ್ಲದಿದ್ದರೆ ಫ್ಯಾನ್ ಗುಟ್ಟು ಬಿಟ್ಟುಕೊಡುತ್ತದೆ. ನಾನು ಬೆನ್ನು ತಿರುಗಿಸಿ ಕೂರುವುದು. ಮಗಳು ಮೊದಲು ‘ಇದು ಹಳೆಯದು’, ‘ಇದು ಹೊಸದು’ ಎಂದು ಹೇಳಿ ಒಮ್ಮೊಮ್ಮೆ ಕೇಳಿಸುವುದು, ಆಮೇಲೆ ನಾಣ್ಯ ಚಿಮ್ಮಿ, ಬಿದ್ದದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಹೆಸರು ಹೇಳದೆ ಮೂರನೆಯ ಸಲ ಕೇಳಿಸುವುದು. ಯಾವುದೆಂದು ನಾನು ಹೇಳಬೇಕು. ಹೀಗೆ 16 ಸುತ್ತು, ಸಂಜೆಗೆ ಎಂಟರಂತೆ ಎರಡು ಸಂಜೆ.

ಒಂದು ಕೊರತೆ ಇತ್ತು. ಸ್ವಿಚ್ ಒತ್ತಿದ ಮೇಲೆ ಡ್ಯಾಕ್ ಹೊಸ ಕಂಪ್ಯೂಟರನ್ನು ಗುರುತು ಹಿಡಿಯಲು ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಸೂಕ್ಷ್ಮ ವ್ಯತ್ಯಾಸದ ನೆನಪು ಕಿವಿಯಲ್ಲಿ ನಿಲ್ಲುವುದೇ ಕೆಲವು ಸೆಕೆಂಡು. ಇದ್ದುದರಲ್ಲಿ ಇದೇ ಸಾಧ್ಯವಾದದ್ದು ಎಂದು ಬಿಟ್ಟೆ. ಹಾಡು ಆರಿಸಿಕೊಂಡದ್ದು ಸಿಂಬಲ್, ಎಂದರೆ ಡ್ರಮ್ಮಿನ ಜೊತೆಯ ಲೋಹದ ತಟ್ಟೆಯ ಸದ್ದು, ಧಾರಾಳವಾಗಿರುವ ಒಂದು ಜಾಝ್ ಧ್ವನಿಮುದ್ರಣ.

ಪುಸ್ತಕ ತೆರೆದಾಗ ನನ್ನದು 16ಕ್ಕೆ 13 ಸರಿ!

ನಾಣ್ಯ ಚಿಮ್ಮಿ ಉತ್ತರ ಹೇಳುತ್ತ ಹೋದರೆ 13 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ಸುಮಾರು ನೂರಕ್ಕೆ ಒಂದು. ಮಗಳನ್ನು ಕೂರಿಸಿ ನಾನು ಗುಂಡಿ ಒತ್ತಿದೆ. ಅವಳದು 16ಕ್ಕೆ 16, ಅದೂ ಪ್ರತಿ ಸಲ ಎರಡೇ ಸೆಕೆಂಡಿನಲ್ಲಿ, ಬೇಸರದ ಮುಖದಲ್ಲಿ. ಸೋಲುತ್ತೇನೆ ಎಂದು ಮನಸ್ಸಿನಲ್ಲೇ ಸಿದ್ಧನಾಗಿದ್ದವನಿಗೆ ಇದು ದೊಡ್ಡ ಆಘಾತ. ಕಂಪ್ಯೂಟರ್ ಬದಲಾಯಿಸಿದರೆ ಧ್ವನಿ ಬದಲಾಗುತ್ತದೆ! ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಕುರುಡು ಪರೀಕ್ಷೆ ಮಾಡಿದ್ದೇನೆ, ಮಟ್ಟ ಸರಿಗೂಡಿಸಿದ್ದೇನೆ, ಇನ್ನೇನು ಬೇಕು? ನಾನೂ ಒಂದು ರಾತ್ರಿ ಅಷ್ಟಕ್ಕೇ ತೃಪ್ತನಾಗಿ ಮಲಗಿದೆ, ಸುಳ್ಳು ಹೇಳುವುದೇಕೆ.

ಎರಡನೆಯ ಶಿಳ್ಳೆ

ವ್ಯತ್ಯಾಸ ಇದೆ ಎಂದಾಯಿತು. ಅದು ಯಂತ್ರದ್ದೋ, ಯಂತ್ರದೊಳಗೆ ನಾನು ಮಾಡಿಟ್ಟದ್ದೋ? ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಹಾಡಿನ ಬದಲು ಒಂದೇ ಒಂದು ಸ್ವರ ಕೊಟ್ಟು ನೋಡೋಣ. 10 ಕಿಲೋಹರ್ಟ್ಸ್‌ನ ಸ್ವರ ಮಾಡಿಕೊಂಡೆ. ಸ್ಪೀಕರಿನಲ್ಲಿ ಎತ್ತರದ ಸ್ವರ ನುಡಿಸುವ ಟ್ವೀಟರ್ ಸುಟ್ಟುಕೊಳ್ಳಬಾರದಲ್ಲ, ವಾಲ್ಯೂಮ್ ತೀರ ಕೆಳಗೆ ಇಟ್ಟು ಮೊದಲು ಹೊಸದರಲ್ಲಿ, ಆಮೇಲೆ ಹಳೆಯದರಲ್ಲಿ ನುಡಿಸಿದೆ. ನನಗೆ ಎರಡೂ ಒಂದೇ ತೆಳ್ಳನೆಯ ಶಿಳ್ಳೆ. ಹಳೆಯದು ಒಂಚೂರು ಮೆಲ್ಲಗೆ, ಇದ್ದರೂ ಇರಬಹುದು.

ಮಗಳು ಪಕ್ಕದ ಕೋಣೆಯಿಂದಲೇ ಕಿವಿ ಮುಚ್ಚಿಕೊಂಡು ಬಂದಳು. “ಅಪ್ಪಾ, ಇದರಲ್ಲಿ ಇನ್ನೊಂದು ಶಿಳ್ಳೆ ಯಾಕೆ ಬರುತ್ತಿದೆ? ಮೇಲೆ, ಚೂಪಾಗಿ.”

“ಯಾವ ಶಿಳ್ಳೆ?”

“ನಿಮಗೆ ಕೇಳಿಸುತ್ತಿಲ್ಲವೇ? ನಿಜವಾಗಿಯೂ?”

ನನಗೆ ನಲವತ್ತೊಂಬತ್ತು. ಆ ಎತ್ತರದ ಸ್ವರಗಳು ನನ್ನ ಕಿವಿಯಿಂದ ಯಾವಾಗ ಸದ್ದಿಲ್ಲದೆ ಹೊರಟುಹೋದವೋ ಗೊತ್ತಿಲ್ಲ. ಯುಎಸ್‌ಬಿಯಿಂದ ಆಪ್ಟಿಕಲ್‌ಗೆ (ಅಂಕಿಗಳನ್ನು ಬೆಳಕಿನಲ್ಲಿ ಸಾಗಿಸುವ ತಂತಿಗೆ) ಬದಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಅದರಿಂದ ಬರುವ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ನೇರವಾಗಿ ಮುದ್ರಿಸಿಕೊಂಡು ಆವರ್ತನಗಳ ಚಿತ್ರ ತೆಗೆದೆ. 10 ಕಿಲೋಹರ್ಟ್ಸ್‌ನಲ್ಲಿ ಒಂದು ಕಂಬ. ಅದರ ಬಲಗಡೆ, 13.9 ಕಿಲೋಹರ್ಟ್ಸ್‌ನಲ್ಲಿ, ಯಾವ ಹಾಡಿನಲ್ಲೂ ಇಲ್ಲದ ಇನ್ನೊಂದು ಕಂಬ, ಮೊದಲನೆಯದಕ್ಕಿಂತ ಬರೀ 21 ಡೆಸಿಬೆಲ್ ಕೆಳಗೆ. ಹುಡುಗಿಯ ಕಿವಿ ಸರಿಯಾಗಿತ್ತು.

13.9 ಎಂಬ ಅಂಕಿಯೇ ಕಳ್ಳನ ವಿಳಾಸ ಹೇಳುತ್ತದೆ. ಸಿ.ಡಿ.ಯ ದತ್ತ ಸೆಕೆಂಡಿಗೆ 44,100 ಮಾದರಿಗಳದ್ದು; ಮಾದರಿ ಎಂದರೆ ಧ್ವನಿಯ ಅಲೆಯ ಒಂದು ಕ್ಷಣದ ಅಳತೆ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗಿನಿಂದ ಅದು ಹಾಗೆಯೇ ಇದೆ. ಹೀಗೆ ಮಾದರಿಗಳಾಗಿ ಇರುವ 10 ಕಿಲೋಹರ್ಟ್ಸ್ ಸ್ವರಕ್ಕೆ 44.1ರಿಂದ 10 ಕಳೆದ ಜಾಗದಲ್ಲಿ, ಎಂದರೆ 34.1ರಲ್ಲಿ, ಒಂದು ಪ್ರತಿಬಿಂಬ ಇರುತ್ತದೆ. ಆ ಮಾದರಿಗಳನ್ನು ಸೆಕೆಂಡಿಗೆ 48,000ಕ್ಕೆ ಬದಲಿಸುವಾಗ ಆ ಪ್ರತಿಬಿಂಬವನ್ನು ಸೋಸಿ ತೆಗೆಯದಿದ್ದರೆ ಅದು 48ರಿಂದ 34.1 ಕಳೆದ ಜಾಗಕ್ಕೆ ಮಡಚಿಕೊಂಡು ಬಂದು ಕೂರುತ್ತದೆ. ಅದೇ 13.9. ಯಾರೋ ನನ್ನ ಸಂಗೀತವನ್ನು 44,100ರಿಂದ 48,000ಕ್ಕೆ ಬದಲಿಸುತ್ತಿದ್ದರು, ಅದನ್ನೂ ಬೇಜವಾಬ್ದಾರಿಯಿಂದ.

ಲಿನಕ್ಸಿನಲ್ಲಿ ಧ್ವನಿಯ ಯಂತ್ರಾಂಶ ಈ ಕ್ಷಣ ಯಾವ ದರದಲ್ಲಿ ಓಡುತ್ತಿದೆ ಎಂದು ಅದರ ತಿರುಳಾದ ಕರ್ನಲ್ ಒಂದು ಪುಟ್ಟ ಕಡತದಲ್ಲಿ ತೋರಿಸುತ್ತಲೇ ಇರುತ್ತದೆ. ಸಿ.ಡಿ.ಯಿಂದ ಬಂದ ಹಾಡು ನುಡಿಯುತ್ತಿರುವಾಗ ಅದನ್ನು ತೆರೆದೆ. ದರ: 48000. ಹೊಸದರಲ್ಲಿ ಅದೇ ಹಾಡಿಗೆ 44100. ಪಲ್ಸ್‌ಆಡಿಯೋದ ಸಂಯೋಜನೆಯ ಕಡತ ತೆರೆದರೆ ನನ್ನದೇ ಕೈಬರಹ, ಟಿಪ್ಪಣಿ ಸಹಿತ. ಒಂದು ಕಾಲದಲ್ಲಿ ಆ ಯಂತ್ರದಲ್ಲಿ ಸಿನಿಮಾ ನೋಡುತ್ತಿದ್ದೆವು, ಅವುಗಳ ಧ್ವನಿ 48,000ದ್ದು. ಎಲ್ಲವನ್ನೂ ಅದಕ್ಕೇ ಬದಲಿಸು ಎಂದು ಬರೆದಿದ್ದೆ. ಅಷ್ಟು ಸಾಲದೆಂದು, ಪ್ರೊಸೆಸರಿಗೆ ಹೊರೆಯಾಗದಿರಲಿ ಎಂಬ ಕರುಣೆಯಿಂದ, ಬದಲಿಸುವ ವಿಧಾನವನ್ನು ‘ಲೀನಿಯರ್’ ಎಂದು ಗೊತ್ತುಮಾಡಿದ್ದೆ. ಎರಡು ಮಾದರಿಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಬೇಕಾದ ಬಿಂದುವನ್ನು ಆ ಗೆರೆಯ ಮೇಲಿಂದ ಎತ್ತಿಕೊಳ್ಳುವ ವಿಧಾನ ಅದು. 147 ಮಾದರಿಗಳಿಂದ 160 ಮಾದರಿ ಮಾಡಬೇಕು. ಅಲೆಯ ಬಳುಕನ್ನು ನೇರ ಗೆರೆಗಳಿಂದ ತುಂಬಿದರೆ ಪ್ರತಿಬಿಂಬ ಉಳಿಯುವುದಲ್ಲದೆ 10 ಕಿಲೋಹರ್ಟ್ಸ್‌ನ ಮೂಲ ಸ್ವರವೂ ಒಂದೂವರೆ ಡೆಸಿಬೆಲ್ ಸೊರಗುತ್ತದೆ. ನನ್ನ ಕಿವಿ ಸಿಂಬಲ್‌ನಲ್ಲಿ ಹಿಡಿದದ್ದು ಆ ಸೊರಗನ್ನು. ಮಗಳ ಕಿವಿ ಹಿಡಿದದ್ದು ಕಸವನ್ನೂ ಸೇರಿಸಿ. ನಾನು 100 ಹರ್ಟ್ಸ್‌ನಲ್ಲಿ ಮಟ್ಟ ಸರಿಗೂಡಿಸಿದಾಗ ಇದು ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ, ಕೆಳಗಿನ ಸ್ವರಗಳಿಗೆ ನೇರ ಗೆರೆ ಸಾಕಾಗುತ್ತದೆ.

ಒಳ್ಳೆಯ ವಿಧಾನ ಆರಿಸಿದ್ದರೆ 48,000ಕ್ಕೆ ಬದಲಿಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಸರಿಯಾಗಿ ಸೋಸುವ ಪರಿವರ್ತಕಕ್ಕೆ ಹನ್ನೊಂದು ವರ್ಷದ ಪ್ರೊಸೆಸರಿನ ಕಿರುಬೆರಳು ಸಾಕಿತ್ತು.

ರಿಪೇರಿ ಎರಡು ಸಾಲಿನದು. ಎಂಪಿಡಿಗೆ ಪಲ್ಸ್‌ಆಡಿಯೋವನ್ನು ಬಿಟ್ಟು, ಲಿನಕ್ಸಿನ ತಳಮಟ್ಟದ ಧ್ವನಿ ವ್ಯವಸ್ಥೆಯಾದ ಅಲ್ಸಾ ಮೂಲಕ ಡ್ಯಾಕ್‌ನ ಯಂತ್ರಾಂಶದ ವಿಳಾಸವನ್ನೇ ಕೊಟ್ಟೆ, ತಂತ್ರಾಂಶದ ವಾಲ್ಯೂಮ್ ತೆಗೆದುಹಾಕಿದೆ. ಕರ್ನಲ್ ಈಗ 44100 ಎಂದಿತು. 16 ಬಿಟ್‌ನ ಹಾಡಿಗೆ ಅದು 32 ಬಿಟ್ ಎಂದು ತೋರಿಸಿದರೆ ಗಾಬರಿ ಬೇಡ; ದೊಡ್ಡ ಪಾತ್ರೆಯಲ್ಲಿ ಅದೇ ನೀರು, ಉಳಿದ ಜಾಗದಲ್ಲಿ ಸೊನ್ನೆಗಳು.

ಎರಡೂ ಯಂತ್ರಗಳಿಂದ ಒಂದೇ ಹಾಡಿನ ಹತ್ತು ನಿಮಿಷವನ್ನು ಆಪ್ಟಿಕಲ್ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಮೊದಲ ಮಾದರಿಯನ್ನು ಜೋಡಿಸಿ, ಒಂದರಿಂದ ಇನ್ನೊಂದನ್ನು ಕಳೆದೆ. ಒಂದೊಂದು ಚಾನೆಲ್‌ಗೆ 2,64,60,000 ಮಾದರಿಗಳು. ಉಳಿದದ್ದು ಸೊನ್ನೆ. ಸೊನ್ನೆಯ ಹತ್ತಿರದ್ದೇನೋ ಅಲ್ಲ, ಎಲ್ಲ ಜಾಗದಲ್ಲೂ ಸೊನ್ನೆಯೇ. ಮುದ್ರಿಸಿಕೊಳ್ಳುವ ಸಲಕರಣೆ ಇಲ್ಲದವರಿಗೆ ಇನ್ನೊಂದು ದಾರಿಯಿದೆ: ಡಿಟಿಎಸ್ (ಹಲವು ಸ್ಪೀಕರುಗಳ ಧ್ವನಿಯನ್ನು ಅಡಕ ಮಾಡುವ ವಿಧಾನ) ಬಿಡಿಸಬಲ್ಲ ಹೋಂ ಥಿಯೇಟರ್ ರಿಸೀವರ್ ಇದ್ದರೆ, ಡಿಟಿಎಸ್ ಸಿ.ಡಿ.ಯಿಂದ ಇಳಿಸಿದ ಕಡತವನ್ನು ಆಪ್ಟಿಕಲ್ ಮೂಲಕ ಕಳುಹಿಸಿ. ದಾರಿಯಲ್ಲಿ ಯಾರಾದರೂ ಅಂಕಿಗಳನ್ನು ಮುಟ್ಟಿದ್ದರೆ, ವಾಲ್ಯೂಮ್ 96ರಲ್ಲಿದ್ದರೂ ಸಾಕು, ಸಂಗೀತದ ಬದಲು ಬರೀ ಭರ್ರೆನ್ನುವ ಗದ್ದಲ ಬರುತ್ತದೆ. ರಿಸೀವರಿನ ದೀಪ ಹೊತ್ತಿ ಹಾಡು ಕೇಳಿಸಿದರೆ ದಾರಿ ಚೊಕ್ಕವಾಗಿದೆ.

ಮತ್ತೆ ಕುರುಡು ಪರೀಕ್ಷೆ. ಸಿಂಬಲ್‌ನ ಹಾಡಿನಲ್ಲಿ ನನ್ನದು 16ಕ್ಕೆ 7. ಹಟ ಬಿಡದೆ ಪಿಟೀಲಿನ ಧ್ವನಿಮುದ್ರಣದಲ್ಲಿ ಇನ್ನೊಂದು ಸಲ, 9. ಒಟ್ಟು 32ರಲ್ಲಿ 16, ನಾಣ್ಯಕ್ಕೂ ನನ್ನ ಕಿವಿಗೂ ಪಂದ್ಯ ಸಮ. ಮಗಳದು 16ಕ್ಕೆ 8. “ಈಗ ಎರಡೂ ಒಂದೇ, ನನ್ನನ್ನು ಬಿಟ್ಟುಬಿಡಿ,” ಎಂದು ಎದ್ದು ಹೋದಳು.

ಅಂಕಿ ಒಂದೇ ಇರಬಹುದು, ಆದರೆ ಅವು ತಲುಪುವ ಸಮಯ ಕಂಪ್ಯೂಟರಿನ ಗಡಿಯಾರದ್ದಲ್ಲವೇ ಎಂಬ ತಕರಾರು ಉಳಿಯುತ್ತದೆ. ಈ ತಕರಾರನ್ನು ನಾನೂ ಬಹಳ ದಿನ ಹೊತ್ತುಕೊಂಡು ತಿರುಗಿದ್ದೇನೆ. ನನ್ನ ಡ್ಯಾಕ್ ಅಸಿಂಕ್ರನಸ್ ಯುಎಸ್‌ಬಿ ಬಗೆಯದು, ಈಚಿನ ಡ್ಯಾಕ್‌ಗಳು ಬಹುತೇಕ ಹಾಗೆಯೇ. ಹೈಸ್ಪೀಡ್ ಯುಎಸ್‌ಬಿಯಲ್ಲಿ ಕಂಪ್ಯೂಟರು ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು ಪೊಟ್ಟಣ ಕಳುಹಿಸುತ್ತದೆ, ಸೆಕೆಂಡಿಗೆ 8,000 ಪೊಟ್ಟಣ. 44,100ನ್ನು 8,000ದಿಂದ ಭಾಗಿಸಿದರೆ 5.5125. ಅರ್ಧ ಮಾದರಿಯನ್ನು ಕಳುಹಿಸಲಾಗದು, ಆದ್ದರಿಂದ ಒಂದು ಪೊಟ್ಟಣದಲ್ಲಿ ಐದು, ಇನ್ನೊಂದರಲ್ಲಿ ಆರು. ಅಳತೆ ತಪ್ಪದಂತೆ ನೋಡಿಕೊಳ್ಳುವುದು ಡ್ಯಾಕ್: ತನ್ನ ಹರಳಿನ ಗಡಿಯಾರಕ್ಕೆ ತಕ್ಕಂತೆ ‘ಸ್ವಲ್ಪ ಹೆಚ್ಚು ಕಳುಹಿಸು’, ‘ಸ್ವಲ್ಪ ತಡೆ’ ಎಂದು ಹಿಂದಕ್ಕೆ ಸೂಚನೆ ಕೊಡುತ್ತ, ಬಂದದ್ದನ್ನು ತನ್ನ ಬಫರಿನಲ್ಲಿ, ಎಂದರೆ ತಾತ್ಕಾಲಿಕ ತೊಟ್ಟಿಯಲ್ಲಿ, ತುಂಬಿಕೊಂಡು, ತನ್ನದೇ ತಾಳಕ್ಕೆ ಹೊರಬಿಡುತ್ತದೆ. ಕಂಪ್ಯೂಟರು ಇಲ್ಲಿ ನೀರು ಹೊರುವವನು. ಎಷ್ಟು ಹೊತ್ತಿಗೆ ಎಷ್ಟು ಹನಿ ಎಂದು ಹೇಳುವವನಲ್ಲ. ನೀರು ಹೊರುವವನು ಪೂರ್ತಿ ತಪ್ಪಿಸಿಕೊಂಡರೆ ಮಾತ್ರ ಟಪ್ ಎಂದು ತುಂಡಾಗುತ್ತದೆ.

ಗುಂಯ್

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹಳೆಯದನ್ನು ಆರಿಸಿ, ಕೋಣೆ ನಿಶ್ಶಬ್ದವಾದ ಮೇಲೆ ಒಂದು ರಾತ್ರಿ ಸ್ಪೀಕರಿನ ಹತ್ತಿರ ಹೋದರೆ, ಹಾಡಿಲ್ಲದಿದ್ದರೂ ಸಣ್ಣಗೆ ಗುಂಯ್ ಎನ್ನುತ್ತಿದೆ. ಟ್ವೀಟರಿಗೆ ಕಿವಿ ಕೊಟ್ಟರೆ ಗುಂಯ್ ಜೊತೆಗೆ ಚಿರ್‌ಚಿರ್. ಕಂಪ್ಯೂಟರಿನ ಹಾಡುಗಳನ್ನು ನಿಯಂತ್ರಿಸುವ ಮೊಬೈಲಿನಲ್ಲಿ ಹಾಡಿನ ಪಟ್ಟಿ ಮೇಲೆ ಕೆಳಗೆ ಸರಿಸಿದರೆ ಆ ಚಿರ್‌ಚಿರ್ ಅದಕ್ಕೆ ತಕ್ಕ ಹಾಗೆ ಕುಣಿಯುತ್ತದೆ. ಹಳೆಯ ಯಂತ್ರದಲ್ಲಿ ಇದು ಇರಲೇ ಇಲ್ಲ. ಹಿನ್ನೆಲೆ ಕಪ್ಪು ಮಾಡಲು ತಂದ ಪೆಟ್ಟಿಗೆ!

ನೆಟ್‌ವರ್ಕ್ ತಂತಿ ಕಿತ್ತೆ, ಗುಂಯ್ ಹಾಗೆಯೇ. ಡ್ಯಾಕ್‌ನಿಂದ ಯುಎಸ್‌ಬಿ ಕಿತ್ತೆ, ಮೌನ. ಅಡಾಪ್ಟರ್ ತೆಗೆದು 12 ವೋಲ್ಟಿನ ಬ್ಯಾಟರಿಯಿಂದ ಮಿನಿ ಕಂಪ್ಯೂಟರ್ ಓಡಿಸಿ ಮತ್ತೆ ಯುಎಸ್‌ಬಿ ಸಿಕ್ಕಿಸಿದೆ. ಆಗಲೂ ಮೌನ. ಅಡಾಪ್ಟರನ್ನು ಗೋಡೆಯಿಂದ ಪೂರ್ತಿ ಬಿಚ್ಚಿ, ಅದರ ಮೂರನೆಯ ಪಿನ್ನಿಗೂ ಡಿಸಿ ಪ್ಲಗ್ಗಿನ ಹೊರಗವಚಕ್ಕೂ ನಡುವೆ ಮಲ್ಟಿಮೀಟರ್ ಹಿಡಿದಾಗ 0.3 ಓಮ್. ಅಡಾಪ್ಟರಿನ ಋಣ ತುದಿ ನೇರವಾಗಿ ಅರ್ತ್‌ಗೆ ಕಟ್ಟಿದೆ. ನನ್ನ ಆಂಪ್ಲಿಫೈಯರ್ ಕೂಡ ಅರ್ತ್ ಇರುವಂಥದ್ದೇ. ಎರಡು ಕಡೆ ಅರ್ತ್, ನಡುವೆ ಯುಎಸ್‌ಬಿ ತಂತಿ ಮತ್ತು ಆಂಪ್ಲಿಫೈಯರಿಗೆ ಹೋಗುವ ತಂತಿಯ ಹೊರಜಾಲರಿ, ಎಲ್ಲ ಸೇರಿ ಒಂದು ಬಳೆ. ವಿದ್ಯುತ್ ಜಾಲದ 50 ಹರ್ಟ್ಸ್, ಕೆಲವು ದೇಶಗಳಲ್ಲಿ 60, ಆ ಬಳೆಯಲ್ಲಿ ಸುತ್ತುತ್ತದೆ, ಕಂಪ್ಯೂಟರಿನ ಏರಿಳಿತದ ಪ್ರವಾಹದ ಒಂದು ಪಾಲೂ ಅದೇ ದಾರಿ ಹಿಡಿಯುತ್ತದೆ, ಮತ್ತು ಜಾಲರಿಯಲ್ಲಿ ಹುಟ್ಟುವ ಆ ಚೂರು ವೋಲ್ಟೇಜನ್ನು ಆಂಪ್ಲಿಫೈಯರ್ ಸಂಗೀತವೆಂದೇ ನಂಬಿ ದೊಡ್ಡದು ಮಾಡುತ್ತದೆ.

ಇಂಥ ಹೊತ್ತಿನಲ್ಲಿ ಕೆಲವರು ಆಂಪ್ಲಿಫೈಯರಿನ ಅರ್ತ್ ಪಿನ್ ಕತ್ತರಿಸುತ್ತಾರೆ. ದಯವಿಟ್ಟು ಬೇಡ. ಒಳಗೆ ತಂತಿಯೊಂದು ಕಳಚಿ ಲೋಹದ ಕವಚಕ್ಕೆ ತಾಗಿದ ದಿನ ನಿಮ್ಮ ಪ್ರಾಣ ಉಳಿಸುವುದು ಅದೊಂದೇ ಪಿನ್.

ಸ್ನೇಹಿತರೊಬ್ಬರ ಬಳಿ ಇಂಥ ಯಂತ್ರಗಳಿಗೆಂದೇ ಮಾಡಿದ ಲೀನಿಯರ್ ಪವರ್ ಸಪ್ಲೈ ಇತ್ತು. ಇಟ್ಟಿಗೆಯಷ್ಟು ಭಾರ, ಮುಂಭಾಗದಲ್ಲಿ ನೀಲಿ ದೀಪ. ತಂದು ಹಚ್ಚಿದೆ. ಗುಂಯ್ ಮಾಯ, ಚಿರ್‌ಚಿರ್ ಮಾಯ. ಪರದೆ ಸರಿದಂತಾಗುತ್ತದೆ ಎಂದು ಜನ ಬರೆಯುವುದು ಸುಮ್ಮನೆ ಅಲ್ಲ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಅದನ್ನೂ ಬಿಚ್ಚಿ ಮೀಟರ್ ಹಿಡಿದೆ: ಔಟ್‌ಪುಟ್‌ಗೂ ಅರ್ತ್‌ಗೂ ಸಂಪರ್ಕವೇ ಇಲ್ಲ. ಗುಣ ಲೀನಿಯರ್ ಆಗಿರುವುದರದ್ದೋ, ಅರ್ತ್‌ಗೆ ಕಟ್ಟದೇ ಇರುವುದರದ್ದೋ? ಅದೇ 12 ವೋಲ್ಟಿನ, ಅಷ್ಟೇ ಆಂಪಿಯರಿನ, ಒಳಗೆ ಇಮ್ಮಡಿ ನಿರೋಧಕ ಹೊದಿಕೆಯಿರುವುದರಿಂದ ಅರ್ತ್ ಬೇಕಿಲ್ಲದ ಎರಡು ಪಿನ್ನಿನ ಪ್ರಮಾಣಿತ ಅಡಾಪ್ಟರ್ ಒಂದನ್ನು, ಪ್ಲಗ್ಗಿನ ಧನ ಋಣ ನೋಡಿಕೊಂಡು, ಹಚ್ಚಿದೆ. ಮತ್ತೆ ಮೌನ. ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪಿನಲ್ಲಿ ಡ್ಯಾಕ್‌ನ ಔಟ್‌ಪುಟ್ ಅಳೆದಾಗ, ಮೂಲ ಅಡಾಪ್ಟರಿನಲ್ಲಿ 50 ಹರ್ಟ್ಸ್‌ನ ಕಂಬ ಪೂರ್ಣ ಮಟ್ಟಕ್ಕಿಂತ 78 ಡೆಸಿಬೆಲ್ ಕೆಳಗಿತ್ತು. ಉಳಿದ ಎರಡರಲ್ಲೂ 112. ಆ ಎರಡರ ನಡುವೆ ಒಂದು ಡೆಸಿಬೆಲ್ ಕೂಡ ವ್ಯತ್ಯಾಸವಿಲ್ಲ. ಇಟ್ಟಿಗೆಯನ್ನು ಸ್ನೇಹಿತರಿಗೆ ಹಿಂತಿರುಗಿಸಿದೆ. ಅಳತೆಗಳನ್ನು ಕೇಳಿ ಅವರು, “ಇರಬಹುದು, ಆದರೂ ನನಗೆ ಇದರಲ್ಲೇ ಚೆನ್ನಾಗಿ ಕೇಳುತ್ತದೆ,” ಎಂದರು. ನೀಲಿ ದೀಪ ಚೆಂದವಿದೆ, ವಾದ ಮಾಡಲಿಲ್ಲ.

ಅರ್ತ್ ಬಳೆಗೆ ಇನ್ನೊಂದು ಮದ್ದು ಆಪ್ಟಿಕಲ್ ತಂತಿ. ಬೆಳಕಿನಲ್ಲಿ ಗುಂಯ್ ಹರಿಯುವುದಿಲ್ಲ. ಡ್ಯಾಕ್‌ಗೆ ಆ ಕಿಂಡಿ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಿ.

ಹೊಸದರಲ್ಲಿ ಪ್ರೊಸೆಸರ್ ಶಕ್ತಿ ಧಾರಾಳವಿದೆ, ಎಲ್ಲವನ್ನೂ 192 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 1,92,000 ಮಾದರಿಗಳಿಗೆ) ಏರಿಸಿ ನುಡಿಸಬಾರದೇಕೆ ಎಂದು ಅದೇ ಸ್ನೇಹಿತರು ಕೇಳಿದ್ದರು. ಒಂದು ಸಂಜೆ ಮಾಡಿ ನೋಡಿದೆ, ಏನೂ ಕೇಳಿಸಲಿಲ್ಲ, ತೆಗೆದುಹಾಕಿದೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದರ ತದ್ವಿರುದ್ಧ ದಿಕ್ಕಿನದು: ಹೆಚ್ಚು ದರದ ಡಿಸ್ಕ್‌ಗಳ ಧ್ವನಿಯನ್ನು ಸಿ.ಡಿ.ಯ 16 ಬಿಟ್, 44.1ರ ಕಿಂಡಿಯಲ್ಲಿ ತೂರಿಸಿ, ವ್ಯತ್ಯಾಸ ಗುರುತಿಸಿ ಎಂದರು. 554 ಸುತ್ತುಗಳಲ್ಲಿ ಸರಿಯುತ್ತರ 276. ನನ್ನ 32ರಲ್ಲಿ 16ಕ್ಕೆ ಒಳ್ಳೆಯ ಜೊತೆ.

ಈಗ ಇರುವ ಸ್ಥಿತಿ

ಮಿನಿ ಕಂಪ್ಯೂಟರ್ ಉಳಿದುಕೊಂಡಿದೆ, ಎರಡು ಪಿನ್ನಿನ ಅಡಾಪ್ಟರಿನೊಡನೆ. ಇಡೀ ಸಂಗ್ರಹವನ್ನು ಹೊಸದಾಗಿ ಪಟ್ಟಿ ಮಾಡಲು ಹಳೆಯದು ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು, ಇದಕ್ಕೆ ಐವತ್ತು ಸೆಕೆಂಡು. ಹಳೆಯದು ಸುಮ್ಮನೆ ಕುಳಿತೇ 58 ವ್ಯಾಟ್ ನುಂಗುತ್ತಿತ್ತು, ಇದು 7. ಪಟ್ಟಿ ಮಾಡುವಾಗ ಹಾಡು ತುಂಡಾಗುವ ಕಾಟವೂ ಹೋಗಿದೆ. ಆದರೆ ಅದು ಡಿಸ್ಕ್ ಏದುಸಿರು ಬಿಡುತ್ತಿದ್ದುದರಿಂದ ಆಗುತ್ತಿದ್ದದ್ದು, ಬಫರ್ ಹಿಗ್ಗಿಸಿದ್ದರೆ ಅಲ್ಲಿಯೂ ಹೋಗುತ್ತಿತ್ತು. ಹಳೆಯ ಟವರಿಗೆ ಹೊಸ ಡಿಸ್ಕ್ ಹಾಕಿ ಓದುವ ಕೋಣೆಯಲ್ಲಿ ಇಟ್ಟಿದ್ದೇನೆ. ವಾರಕ್ಕೊಮ್ಮೆ ಎದ್ದು, ಎಲ್ಲ ಕಡತಗಳ ನಕಲು ತೆಗೆದುಕೊಂಡು ಮತ್ತೆ ಮಲಗುತ್ತದೆ. ಅದರ ಪಲ್ಸ್‌ಆಡಿಯೋ ಕಡತದಲ್ಲಿ ನನ್ನ ಹಳೆಯ ಟಿಪ್ಪಣಿಯನ್ನು ಅಳಿಸಲಿಲ್ಲ. ಕೆಳಗೆ ಮಗಳು ಒಂದು ಸಾಲು ಸೇರಿಸಿದ್ದಾಳೆ: “13.9. ಅಪ್ಪನಿಗೆ ಕೇಳಿಸುವುದಿಲ್ಲ.”

ಉಳಿದದ್ದು ಹನ್ನೊಂದನೆಯ ಹಾಡು. ಅದರ ಸಿ.ಡಿ.ಯ ಮೇಲೆ ಅಂಚಿನಿಂದ ನಡುವಿನತ್ತ ಒಂದು ಗೀರಿದೆ. ಮೂರು ಸಲ ಇಳಿಸಿದರೂ ಪ್ರತಿ ಸಲ ಬೇರೆ ಬೇರೆ ಬೆರಳಚ್ಚು ಬರುತ್ತಿದೆ, ಎಂದರೆ ಡ್ರೈವ್ ಊಹಿಸುತ್ತಿದೆ, ಓದುತ್ತಿಲ್ಲ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಬೇರೊಂದು ಡ್ರೈವಿನಲ್ಲಿ, ಅತಿ ನಿಧಾನದ ವೇಗದಲ್ಲಿ ಇನ್ನೊಮ್ಮೆ ನೋಡಬೇಕು.